ಫುಟ್‌ಬಾಲ್ ತಂಡಕ್ಕೆ ವಾರ ಹಚ್ಚಿದ್ದು

ಪ್ರತಿ ವರ್ಷ ಜೂನಿನಲ್ಲಿ ಮಿರಗದ ಮಳೆ ಹಿಡಿಯುವ ಹೊತ್ತಿಗೆ ನಮ್ಮವರ ಮುಖಕ್ಕೆ ಹೆಣ್ಣು ಹೆತ್ತವರ ಕಳೆ ಬರುತ್ತಿತ್ತು. ನಮಗೆ ಮಕ್ಕಳಿರಲಿಲ್ಲ. ಆದರೂ ಗಂಡು ಹುಡುಕುವ ಕೆಲಸ ಅವರಿಗೆ ತಪ್ಪಲಿಲ್ಲ. ಅದೂ ಒಂದಲ್ಲ, ಹನ್ನೊಂದು.

ಅವರು ಪುಣೆಯ ಒಂದು ಕಾಲೇಜಿನಲ್ಲಿ ಜಿಮಖಾನಾದ ಕಾರಕೂನರಾಗಿದ್ದರು. ಚೆಂಡಿಗೆ ಗಾಳಿ ತುಂಬುವುದು, ಹರಿದ ಬಲೆಗೆ ಗಂಟು ಹಾಕುವುದು, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ‘ನಾಳೆ ನಾಲ್ಕಕ್ಕೆ ಎಲ್ಲರೂ ಹಾಜರಿರತಕ್ಕದ್ದು’ ಎಂದು ಹಲಗೆಯ ಮೇಲೆ ಬರೆಯುವುದು, ಇಷ್ಟು ಅವರ ಕೆಲಸವೆಂದು ಕಾಗದದಲ್ಲಿತ್ತು. ಫುಟ್‌ಬಾಲ್ ತಂಡಕ್ಕೆ ಹುಡುಗರನ್ನು ಕೂಡಿಸಿ ತರುವುದು ಕಾಗದದಲ್ಲಿರಲಿಲ್ಲ. ಕಾಗದದಲ್ಲಿ ಇಲ್ಲದ ಕೆಲಸಕ್ಕೇ ಎಲ್ಲರೂ ಜವಾಬು ಕೇಳುವುದು ಲೋಕದ ರೀತಿ.

ಜಿಮಖಾನಾಕ್ಕೆ ಬರುವ ಮುಂಚೆ ಅವರು ಏಳು ವರ್ಷ ಅದೇ ಕಾಲೇಜಿನ ದಫ್ತರದ ಕೋಣೆಯಲ್ಲಿದ್ದರು. ಹಳೆಯ ಕಾಗದದ ಧೂಳು ಎದೆಗಿಳಿದು ದಮ್ಮು ಹತ್ತಿತ್ತು. ನಾವು ಬಾಡಿಗೆಗಿದ್ದ ವಾಡೆಯ ಮೆಟ್ಟಿಲು ಹದಿನೆಂಟು; ಸಂಜೆ ಬಂದವರು ಆರನೆಯದರ ಮೇಲೊಮ್ಮೆ, ಹನ್ನೆರಡನೆಯದರ ಮೇಲೊಮ್ಮೆ ಕೂತು, ಮೇಲೆ ಬರುವಷ್ಟರಲ್ಲಿ ನಾನು ಇಳಿಸಿಟ್ಟ ಚಹಾ ಆರಿರುತ್ತಿತ್ತು. ವೈದ್ಯರು ಬಯಲ ಗಾಳಿ ಬೇಕು ಅಂದರು. ದೇವರು ದೊಡ್ಡವನು, ಜಿಮಖಾನಾದ ಜಾಗ ಖಾಲಿಯಾಯಿತು. ಮೈದಾನಕ್ಕೆ ಹೋಗತೊಡಗಿದ ಮೂರನೆಯ ತಿಂಗಳಿಗೆ ಒಂದೇ ಉಸಿರಿಗೆ ಹದಿನೆಂಟೂ ಹತ್ತಿ ಬಂದು ಬಾಗಿಲಲ್ಲಿ ನಿಂತು ನಕ್ಕರು. ಹಾಗಾಗಿ ಫುಟ್‌ಬಾಲ್ ಅಂದರೆ ನನಗೆ ಆಟವಲ್ಲ. ಆ ಚೆಂಡು ಮೈದಾನದಲ್ಲಿ ಉರುಳುವಷ್ಟು ದಿನ ನಮ್ಮವರು ಬಯಲಲ್ಲಿರುತ್ತಾರೆ, ಅಷ್ಟೇ ನನಗೆ ಗೊತ್ತಿದ್ದದ್ದು.

ತೊಂದರೆ ಏನೆಂದರೆ ಆ ಚೆಂಡು ಒಂದು ವರ್ಷ ಉರುಳಿದ ಹಾಗೆ ಇನ್ನೊಂದು ವರ್ಷ ಉರುಳುತ್ತಿರಲಿಲ್ಲ. ಒಂದು ವರ್ಷ ಹೋರಿಯಂಥ ಹುಡುಗರು ಬರುವರು. ಬರಿಗಾಲಲ್ಲಿ ಒದ್ದರೆ ಚೆಂಡು ಬೇಲಿ ದಾಟಿ ಟಾಂಗಾದಲ್ಲಿ ಕೂತವರ ತೊಡೆಗೆ ಬೀಳಬೇಕು. ಮರುವರ್ಷ ಬಂದವರನ್ನು ನೋಡಿದರೆ, ಗಾಳಿ ಬೀಸಿದಾಗ ಚೆಂಡಿಗಿಂತ ಮೊದಲು ಇವರೇ ಗೋಲಿನೊಳಗೆ ಹೋದಾರು ಎನಿಸುತ್ತಿತ್ತು. ಹೀಗೇಕೆ ಎಂದು ಕಾಲೇಜಿನ ದೊಡ್ಡವರೆಲ್ಲ ಸಭೆ ಕೂಡಿದರು. ಪ್ರಿನ್ಸಿಪಾಲರು ಕಾಲೇಜಿನ ಮಾಹಿತಿ ಪುಸ್ತಕದಲ್ಲಿ ಮೈದಾನದ ಚಿತ್ರ ಮಸುಕಾಗಿದೆ ಅಂದರು. ಗಣಿತದವರು ಮೆಟ್ರಿಕ್ ಪರೀಕ್ಷೆ ಬಿರುಸಾದ ವರ್ಷ ಆಟಗಾರರೆಲ್ಲ ನಪಾಸಾಗುತ್ತಾರೆ ಅಂದರು. ಸಂಸ್ಕೃತದವರು ಕಣ್ಣು ಮುಚ್ಚಿ, ಎಲ್ಲಕ್ಕೂ ಕಾಲ ಕೂಡಿ ಬರಬೇಕು ಅಂದರು. ಮೂಲೆಯಲ್ಲಿ ಕೂತು ಇದೆಲ್ಲ ಬರೆದುಕೊಂಡ ನಮ್ಮವರು ಮನೆಗೆ ಬಂದು ನನಗೆ ಓದಿ ಹೇಳಿದರು.

“ನಿನಗ ಏನ ಅನಸ್ತದ?” ಎಂದು ಕೇಳಿದ್ದು ಮಾತ್ರ ಮೂರನೆಯ ವರ್ಷ.

ನನಗೊಂದು ಚಟ. ಪಂಚಾಂಗದ ಅಂಚಿನಲ್ಲಿ ದಿನದಿನದ್ದು ಗೀಚಿಡುವುದು. ಈಹೊತ್ತು ನಳ ಬರಲಿಲ್ಲ. ಮೂಲೆಮನೆಯ ಕಾಕೂಗೆ ಹಲ್ಲುನೋವು. ಮಂಗಳವಾರದ ಹುಡುಗ ಐದು ರೊಟ್ಟಿ ಉಂಡ. ವಕೀಲರ ಮಗಳನ್ನು ನೋಡಲು ಸಾಂಗಲಿಯವರು ಬಂದುಹೋದರು. ಇಂಥವೇ. ಮೂರು ವರ್ಷದ ಪಂಚಾಂಗ ಮುಂದಿಟ್ಟುಕೊಂಡರೆ ಕಾರಣ ಬಿಸಿಲಿನಷ್ಟು ಸ್ಪಷ್ಟವಿತ್ತು.

ಈಗಿನವರಿಗೆ ವಾರ ಅಂದರೆ ತಿಳಿಯಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಊರು ಬಿಟ್ಟು ಓದಲು ಬಂದ ಬಡ ಹುಡುಗನಿಗೆ ಏಳು ಮನೆಯವರು ವಾರಕ್ಕೊಂದು ದಿನದಂತೆ ಊಟ ಹಾಕುವುದು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಇದಕ್ಕೆ ವಾರ ಹಚ್ಚುವುದು ಎನ್ನುತ್ತಿದ್ದರು. ನಮ್ಮವರು ಮೇ ತಿಂಗಳ ರಜೆಯಲ್ಲಿ ಧಾರವಾಡ, ಗದಗ, ಬಾಗಲಕೋಟೆ ಎಂದು ತಿರುಗಿ ಹೈಸ್ಕೂಲಿನ ಬಯಲುಗಳಲ್ಲಿ ಆಡುವವರನ್ನು ನೋಡಿ ಬರುತ್ತಿದ್ದರು. ಫೀ ಮಾಫಿ ಕೊಡಿಸುವುದು ಪ್ರಿನ್ಸಿಪಾಲರ ಕೈಯಲ್ಲಿ, ವಾರ ಹಚ್ಚುವುದು ನಮ್ಮವರ ಕೈಯಲ್ಲಿ. ಹುಡುಗನ ತಂದೆ ಕಾಲೇಜಿನ ಬಗ್ಗೆ ಎರಡು ಮಾತು ಕೇಳಿ ಸುಮ್ಮನಾಗುವನು. ಆದರೆ ಒಳಗಿನಿಂದ ತಾಯಿಯ ದನಿ ಬರುತ್ತಿತ್ತು: “ಅದೆಲ್ಲಾ ಖರೇರಿ. ಊಟದ್ದು ಹೆಂಗ?”

ಅಂದರೆ, ಒಳ್ಳೆಯ ಹುಡುಗ ಬರುವುದೂ ಬಿಡುವುದೂ ನಮ್ಮ ಓಣಿಯ ಅಡಿಗೆಮನೆಗಳ ಮೇಲಿತ್ತು. ನಾಲ್ಕು ಹುಡುಗರೆಂದರೆ ವಾರಕ್ಕೆ ಇಪ್ಪತ್ತೆಂಟು ತಾಟು. ಉಳಿದ ಏಳು ಮಂದಿ ಊರವರೋ ಹಾಸ್ಟೆಲಿನವರೋ, ಅವರ ಚಿಂತೆ ನಮಗಿರಲಿಲ್ಲ. ಆದರೆ ಗೆಲ್ಲುವವರು ಯಾವಾಗಲೂ ಈ ನಾಲ್ವರೇ. ಓಣಿಯಲ್ಲಿ ಒಂದು ಮನೆಗೆ ಸೂತಕ ಬಂದರೆ ಗುರುವಾರ ಹೋಯಿತು. ಒಬ್ಬ ಸೊಸೆ ಹೆರಿಗೆಗೆ ತವರಿಗೆ ಹೋದರೆ ಶನಿವಾರ ಹೋಯಿತು. ಎಲ್ಲಕ್ಕಿಂತ ದೊಡ್ಡದು, ಮದುವೆಗೆ ಬಂದ ಮಗಳು. ಮಗಳಿರುವ ಮನೆಯಲ್ಲಿ ವಾರದ ಹುಡುಗನಿಗೆ ತುಪ್ಪ ಎರಡು ಸಲ ಬೀಳುತ್ತಿತ್ತು. ನಮ್ಮ ತಂಡ ಮೂರು ಮ್ಯಾಚು ಗೆದ್ದ ವರ್ಷ ಓಣಿಯಲ್ಲಿ ಮೂರು ಮನೆಗಳಲ್ಲಿ ಹೆಣ್ಣುಮಕ್ಕಳು ಮದುವೆಗೆ ಕಾದಿದ್ದರು. ಆ ವೈಶಾಖದಲ್ಲಿ ಮೂವರದ್ದೂ ಆಗಿಹೋಯಿತು. ಮರುವರ್ಷ ವಕೀಲರ ಮನೆಯವರನ್ನು, ಅಂದರೆ ಅವರ ಹೆಂಡತಿಯನ್ನು, ಕೇಳಿದೆ. ಬಿಜಾಪುರದ ಕಡೆಯವರು, ಒಳ್ಳೆಯವರೇ.

“ಇನ್ನ ಯಾಕ ತಗೀರಿ ವಾರಾ,” ಅಂದರು. “ನಮ್ಮಕಿದು ಆತಲ್ಲ.”

ಆ ವರ್ಷ ಒಂಬತ್ತು ಗೋಲಿನಿಂದ ಸೋತರು.

ಇದನ್ನೆಲ್ಲ ನಾನು ನಮ್ಮವರಿಗೆ ಹೇಳಿದೆ. ಒಂದನ್ನು ಮಾತ್ರ ಹೇಳಲಿಲ್ಲ. ಆ ಗೆದ್ದ ವರ್ಷದ ಗೋಲ್‌ಕೀಪರ್ ಬಾಗಲಕೋಟೆಯ ಕಡೆಯ ನೇಕಾರರ ಹುಡುಗ. ಮಗ್ಗದಲ್ಲಿ ಲಾಳಿ ಹಿಡಿದು ಬೆಳೆದ ಕೈ. ಚೆಂಡು ಎಲ್ಲಿಂದ ಬಂದರೂ ಅಲ್ಲಿರುತ್ತಿತ್ತು. ಅವನ ಮಂಗಳವಾರ ನಮ್ಮ ಮನೆಯದು. ಉಳಿದವರಿಗೆ ಒಳಗೆ ಮಣೆ ಹಾಕಿದೆ, ಅವನಿಗೆ ಹೊರಗೆ ಜಗಲಿಯ ಮೇಲೆ ಬಡಿಸಿದೆ. ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ. ನೀರನ್ನು ಮೇಲಿನಿಂದ ಹೊಯ್ದೆ. ಅವನು ತಲೆ ಎತ್ತದೆ ಉಂಡು, ಎಲೆ ತಾನೇ ಎತ್ತಿ, ಜಗಲಿ ಸಾರಿಸಿ ಹೋಗುತ್ತಿದ್ದ. ಪಂಚಾಂಗದ ಅಂಚಿನಲ್ಲಿ ಐದು ರೊಟ್ಟಿ ಉಂಡ ಎಂದು ಬರೆದದ್ದು ಅವನ ಬಗ್ಗೆಯೇ. ಎಲ್ಲಿ ಕೂತು ಉಂಡ ಎಂದು ಬರೆದಿರಲಿಲ್ಲ. ದೀಪಾವಳಿಯ ರಜೆಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಮುಂದಿನ ಮೇ ತಿಂಗಳು ನಮ್ಮವರು ಆ ಊರಿಗೆ ಹೋದಾಗ, ಬಯಲಲ್ಲಿ ಆಡುತ್ತಿದ್ದ ಹುಡುಗರು ಸುತ್ತ ನಿಂತು ಕೇಳಿದರಂತೆ: “ಸಾಹೇಬ್ರ, ಜಗಲೀ ಮ್ಯಾಲೋ, ಒಳಗೋ?”

ನಮ್ಮವರು ಇದನ್ನು ನನಗೆ ಹೇಳಿ, ನನ್ನ ಮುಖ ನೋಡದೆ ಕೈಕಾಲು ತೊಳೆಯಲು ಹೋದರು.

ಸರಿ. ಮದುವೆಗೆ ಬಂದ ಹೆಣ್ಣುಮಕ್ಕಳ ಲೆಕ್ಕ ಕೇಳಿದ ಮೇಲೆ ನಮ್ಮವರಿಗೆ ಜ್ಞಾನೋದಯವಾಯಿತು. ಗಂಡಸರಿಗೆ ಜ್ಞಾನೋದಯವಾದರೆ ಅದನ್ನು ಅಳತೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಆ ವರ್ಷ ಮೂಲೆಮನೆಯ ಕಾಕೂನ ಮಗಳೂ, ಎದುರುಮನೆಯ ಮಾಸ್ತರರ ಇಬ್ಬರು ಹೆಣ್ಣುಮಕ್ಕಳೂ ಮದುವೆಗೆ ಬಂದಿದ್ದರು. ನಮ್ಮವರು ಮೂವರ ಗೋತ್ರವನ್ನೂ ಚೀಟಿಯಲ್ಲಿ ಬರೆದುಕೊಂಡು ಧಾರವಾಡದ ರೈಲು ಹತ್ತಿದರು. ತಿರುಗಿ ಬಂದು ಹಿಗ್ಗಿನಿಂದ ಹೇಳಿದರು: “ನಾಲ್ಕ ಮಂದಿ! ಒಬ್ಬಂದೂ ಗೋತ್ರಾ ಅಡ್ಡ ಬರೂದಿಲ್ಲ. ಇಬ್ಬರದು ಜಾತಕಾನೂ ತಂದೀನಿ.”

“ಆಟ?”

“ಏನ?”

“ಆಡ್ತಾರೇನ್ರಿ ಅವರು?”

ನಮ್ಮವರು ಜಾತಕಗಳನ್ನು ಮಡಿಚಿ ಜೇಬಿಗಿಟ್ಟರು. “ಒಬ್ಬಾಂವ ಆಡ್ತಾನ,” ಅಂದರು. “ಇನ್ನೊಬ್ಬಾಂವಗ ಎತ್ತರ ಭಾಳ ಅದ.”

ಓಣಿಯ ಮನೆಗಳು ತೆರೆದವು. ತುಪ್ಪ ಬಿತ್ತು. ಎತ್ತರದವನನ್ನು ಗೋಲಿಗೆ ನಿಲ್ಲಿಸಿದರು. ಅವನ ಸೋಮವಾರವೂ ಶುಕ್ರವಾರವೂ ಕಾಕೂನ ಮನೆ. ಕಾಕೂ ಮರಾಠಿಯವರು. ನಮ್ಮ ಓಣಿಯಲ್ಲಿ ಮರಾಠಿ ಕನ್ನಡ ಎರಡೂ ಒಂದೇ ನಳದ ನೀರು ಕುಡಿಯುತ್ತಿದ್ದವು, ಆದ್ದರಿಂದ ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ. ಆಷಾಢದ ಹೊತ್ತಿಗೆ ಕಾಕೂ ಆ ಹುಡುಗನನ್ನು ‘ಅಳಿಯ’ ಎಂದು ಕರೆಯುತ್ತಿರಲಿಲ್ಲ, ಆದರೆ ಹಾಗೆ ಕರೆದಂತೆ ನೋಡುತ್ತಿದ್ದರು. ಪಂದ್ಯದ ದಿನ ಛತ್ರಿ ಹಿಡಿದು ಮೈದಾನಕ್ಕೇ ಬಂದರು. ಎದುರಿನವರು ಚೆಂಡು ತಂದರು. ಹುಡುಗ ಹಾರಲು ಮೊಣಕಾಲು ಬಗ್ಗಿಸಿದ. ಗೋಲಿನ ಹಿಂದಿನಿಂದ ಕಾಕೂ ಕೂಗಿದರು:

“ಬೀಳಬೇಡಾ! ಹಲ್ಲು ಹೋದರ ನಾಳೆ ಮಂಟಪದಾಗ ಬಾಯಿ ತಗಿಯೂದು ಹೆಂಗ?”

ಅವನು ಬೀಳಲಿಲ್ಲ. ಚೆಂಡು ಅವನ ಪಕ್ಕದಿಂದ ಮರ್ಯಾದೆಯಾಗಿ ಒಳಗೆ ಹೋಯಿತು. ರೆಫರಿ ಓಡಿ ಬಂದು, ತಾಯಿ, ಗೆರೆಯ ಆಚೆ ನಿಲ್ಲಿ ಎಂದು ಕೈ ಮುಗಿದರೆ, ಕಾಕೂ ಛತ್ರಿಯನ್ನು ಅವನ ಕಡೆ ತಿರುಗಿಸಿ, “ನಿನಗೆ ಹೆಣ್ಣುಮಕ್ಕಳಿದಾವೇನು?” ಎಂದು ಕೇಳಿದರು. ಎರಡನೆಯ ಪಂದ್ಯದ ದಿನ ಮಾಸ್ತರರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಇಬ್ಬರು ಹುಡುಗರನ್ನು ಮಡಿ ಉಡಿಸಿ ಕೂರಿಸಿಕೊಂಡುಬಿಟ್ಟರು. ನಮ್ಮವರು ಒಂಬತ್ತೇ ಮಂದಿಯನ್ನು ಇಳಿಸಬೇಕಾಯಿತು. ಅಷ್ಟೆಲ್ಲ ಮಾಡಿ ಕಾಕೂನ ಮಗಳು ಸೊಲ್ಲಾಪುರದ ರೇಲ್ವೆ ಕಾರಕೂನನ ಕೈ ಹಿಡಿದಳು. ಎತ್ತರದ ಹುಡುಗ ಎರಡು ವಾರ ಅನ್ನ ಬಿಟ್ಟು, ವರ್ಷದ ಕೊನೆಗೆ ಪರೀಕ್ಷೆಯಲ್ಲೂ ನಪಾಸಾದ.

ಪ್ರಿನ್ಸಿಪಾಲರು ನಮ್ಮವರನ್ನು ಕರೆಸಿದರು. ಒಂಬತ್ತು ಮಂದಿಯನ್ನು ಇಳಿಸಿದ ಕಾಲೇಜು ಪುಣೆಯಲ್ಲಿ ನಮ್ಮದೊಂದೇ ಅಂದರು. ಇನ್ನೊಂದು ವರ್ಷ ನೋಡುತ್ತೇನೆ, ಹನ್ನೊಂದು ಮಂದಿ ಇಳಿಯಬೇಕು, ಒಂದು ಮ್ಯಾಚಾದರೂ ಗೆಲ್ಲಬೇಕು. ಇಲ್ಲವಾದರೆ ಮೈದಾನದಲ್ಲಿ ಟೆನ್ನಿಸ್ ಕೋರ್ಟು ಹಾಕಿಸಿ, ನಿಮ್ಮನ್ನು ಮತ್ತೆ ದಫ್ತರದ ಕೋಣೆಗೆ ಕಳಿಸುತ್ತೇನೆ. ಅಲ್ಲಿ ನಿಮ್ಮ ಕೈಬರಹಕ್ಕೆ ಬೆಲೆಯಾದರೂ ಇದೆ.

ಅವರು ಇದನ್ನು ಮೆಟ್ಟಿಲ ಮೇಲೆ ಕೂತು ಹೇಳಿದರು. ದಮ್ಮು ಬಂದಿರಲಿಲ್ಲ, ಸುಮ್ಮನೆ ಕೂತಿದ್ದರು. ನಾನೂ ಒಂದು ಮೆಟ್ಟಿಲು ಕೆಳಗೆ ಕೂತೆ.

“ಈ ಸಲ ಗೋತ್ರಾ ಕೇಳಬ್ಯಾಡ್ರಿ,” ಅಂದೆ. “ಆಡೋವ್ರನ್ನ ತರ್ರಿ. ಊಟದ್ದು ನಾ ನೋಡ್ತೀನಿ.”

ಹೇಳುವುದು ಸುಲಭ. ಅವರು ಮೇ ತಿಂಗಳು ಊರಿಗೆ ಹೋದಾಗ ಮಾಸ್ತರರ ಇಬ್ಬರು ಮಕ್ಕಳದೂ ಆಗಿ, ಓಣಿಯಲ್ಲಿ ಮದುವೆಗೆ ಬಂದ ಹೆಣ್ಣು ಒಂದೂ ಉಳಿದಿರಲಿಲ್ಲ. ನಾನು ಮನೆ ಮನೆ ತಿರುಗಿದೆ. ಕಾಕೂ ಸೊಂಟನೋವು ಅಂದರು. ಮಾಸ್ತರರ ಮನೆಯವರು ಚಾತುರ್ಮಾಸ ಅಂದರು. ಚಾತುರ್ಮಾಸಕ್ಕೆ ಇನ್ನೂ ಎರಡು ತಿಂಗಳಿತ್ತು. ವಕೀಲರ ಮನೆಯವರು ನನ್ನ ಕೈಗೊಂದು ಮಾವಿನಹಣ್ಣು ಕೊಟ್ಟು ಕಳಿಸಿದರು. ಮಾವಿನಹಣ್ಣು ಕೊಟ್ಟು ಕಳಿಸಿದರೆ ಇಲ್ಲ ಅಂತಲೇ ಅರ್ಥ. ನನ್ನ ಮನೆ ಬಿಟ್ಟರೆ ಸಿಕ್ಕದ್ದು ನಮ್ಮ ವಾಡೆಯ ಮೇಲಿನ ಮಹಡಿಯ ಅಜ್ಜಿಯ ಒಂದು ಭಾನುವಾರ.

ಜೂನಿನಲ್ಲಿ ನಮ್ಮವರು ನಾಲ್ವರನ್ನು ಕರೆದುಕೊಂಡು ಬಂದರು. ಗದಗಿನ ಇಬ್ಬರು ಅವಳಿಗಳಂತೆ ಗಟ್ಟಿ. ಧಾರವಾಡದವನೊಬ್ಬ ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಮಾತಾಡುವಾಗಲೂ ಕಾಲಲ್ಲಿ ಕಲ್ಲು ಉರುಳಿಸುತ್ತಿದ್ದ. ನಾಲ್ಕನೆಯವನು ಬಾಗಿಲ ಹೊರಗೇ ನಿಂತಿದ್ದ. ಆ ಕೈಗಳನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು.

“ಅವನ ತಮ್ಮ,” ಅಂದರು ನಮ್ಮವರು ಮೆಲ್ಲಗೆ. “ಅವರವ್ವ ಬಿಡವಲ್ಲಳು. ಎಲ್ಲಾರೂ ಒಂದ ಸಾಲಿನ್ಯಾಗ ಕೂತು ಉಣ್ತಾರ ಅಂತ ನಾ ಮಾತು ಕೊಟ್ಟ ಬಂದೀನಿ.”

“ಯಾರ ಮನಿಯಾಗ?”

“ಅದನ್ನ ನೀ ನೋಡ್ತೀನಿ ಅಂದಿದ್ದಿ ಅಲ್ಲಾ.”

ನನಗೆ ಸಿಟ್ಟು ಬಂತು. ಎಲ್ಲರಿಗೂ ಗೊತ್ತಿದ್ದ ಮಾತು: ನಾನು ಒಳಗೆ ಕೂರಿಸಿದರೆ ನನ್ನ ಮನೆಗೆ ಅಜ್ಜಿ ಹಾಯುವುದಿಲ್ಲ, ಉಳಿದ ಮೂವರಿಗೆ ಯಾರೂ ವಾರ ಕೊಡುವುದಿಲ್ಲ. ಹೊರಗೆ ಕೂರಿಸಿದರೆ ಈ ಹುಡುಗನೂ ಹೋಗುತ್ತಾನೆ, ಅವನ ಹಿಂದೆ ಆ ಊರೇ ಹೋಗುತ್ತದೆ, ನಮ್ಮವರು ದಫ್ತರದ ಕೋಣೆಗೆ ಹೋಗುತ್ತಾರೆ. ಮೂರು ದಿನ ಹೇಗೋ ಅವಲಕ್ಕಿ ಹಚ್ಚಿ ಕಳೆದೆ. ನಾಲ್ಕನೆಯ ದಿನ ನಳದ ಕಟ್ಟೆಯ ಹತ್ತಿರ ಕೊಡ ಹಿಡಿದು ಸರದಿ ಕಾಯುವಾಗ ಒಂದು ಹೊಳೆಯಿತು.

ನಮ್ಮ ಹೆಂಗಸರಿಗೆ ವಾರ ಕೊಡುವುದು ಭಾರವಾಗಿದ್ದು ಅನ್ನದಿಂದಲ್ಲ. ಹುಡುಗ ಮನೆಯೊಳಗೆ ಬರುತ್ತಾನೆ, ಮಣೆ ಹಾಕಬೇಕು, ಮಡಿ ನೋಡಬೇಕು, ಅವನು ಮುಗಿಸುವ ತನಕ ನಿಂತಿರಬೇಕು, ಮಾವನವರು ಹುಬ್ಬು ಗಂಟಿಕ್ಕುತ್ತಾರೆ. ಹುಡುಗ ಒಳಗೆ ಬರುವುದೇ ಬೇಡ ಅಂದರೆ? ಒಂದು ಮನೆಯಿಂದ ಒಂದೇ ಪದಾರ್ಥ. ಯಾರ ಮನೆಯೂ ಅಲ್ಲದ ಜಾಗದಲ್ಲಿ ಊಟ. ಜಿಮಖಾನಾದಲ್ಲಿ ಬಲೆ, ಚೆಂಡು ಇಡುವ ತಗಡಿನ ಶೆಡ್ಡಿತ್ತು. ಅದು ಯಾರ ಅಡಿಗೆಮನೆ? ಯಾರದೂ ಅಲ್ಲ. ಅಲ್ಲಿ ಜಗಲಿಯೂ ಇಲ್ಲ, ಒಳಗೂ ಇಲ್ಲ.

ಇನ್ನು ಕೊಡುವ ಮನಸ್ಸು ಬರಿಸಬೇಕು. ಅದಕ್ಕೆ ಪುಣ್ಯದ ಮಾತು ಉಪಯೋಗವಿಲ್ಲ ಎಂದು ಮೇ ತಿಂಗಳಲ್ಲೇ ತಿಳಿದಿತ್ತು. ಕಾಕೂ ಕೊಡ ತುಂಬಿಸುತ್ತಿದ್ದರು. ನಾನು ವಕೀಲರ ಮನೆಯವರ ಕಡೆ ತಿರುಗಿ, ಆದರೆ ಕಾಕೂಗೆ ಕೇಳುವಷ್ಟು ಗಟ್ಟಿಯಾಗಿ, “ಹುಡುಗರು ಬಂದಾರ್ರಿ ಕನ್ನಡ ಸೀಮಿಯಿಂದ,” ಅಂದೆ. “ಮರಾಠಿ ಮಂದಿ ಬ್ಯಾಳಿ ಆಮಟಿ ಅಂದ್ರ ಬೆಲ್ಲದ ನೀರು ಅಂತಾರ. ನಾ ಏನ ಹೇಳ್ಲಿ?”

ಕಾಕೂನ ಕೊಡ ತುಂಬಿ ಹೊರಗೆ ಚೆಲ್ಲತೊಡಗಿತು.

“ಯಾರು ಹಾಗಂದವರು?”

“ಸಣ್ಣವರು ಕಾಕೂ, ಬಿಡ್ರಿ. ತಿಂದಿಲ್ಲ, ಗೊತ್ತಿಲ್ಲ.”

“ಬಿಡೂದು ಯಾಕ? ನಾಳೆ ಪಾತೇಲಿ ತಗೊಂಡು ಬಾ. ಮನಿಗೆ ಕರೀಬೇಡ, ನನಗೆ ಸೊಂಟ ಇಲ್ಲ. ತಗೊಂಡು ಹೋಗಿ ಕುಡಿಸು. ಆಮೇಲೆ ಏನಂತಾರೆ ನನಗೆ ಬಂದು ಹೇಳು.”

ವಕೀಲರ ಮನೆಯವರು ಅಲ್ಲೇ ನಕ್ಕರು. ಅವರನ್ನು ನಾನು ಮಧ್ಯಾಹ್ನ ಹಿಡಿದೆ. ನನ್ನ ರೊಟ್ಟಿ ಒಯ್ದು ತೋರಿಸಿ, “ನೋಡ್ರಿ, ಪುಣೇಕ ಬಂದ ಕನ್ನಡದ ಹೆಂಗಸರ ಕೈ ಕೆಟ್ಟಾವ ಅಂದ ಒಬ್ಬ. ನನ್ನ ಕೈ ಕೆಟ್ಟಿದ್ದು ಖರೆ. ನಿಮ್ಮದು ಹೆಂಗದ ನನಗ ಗೊತ್ತಿಲ್ಲ,” ಅಂದೆ. ಮರುದಿನ ಅವರ ಮನೆಯಿಂದ ಹದಿನಾರು ರೊಟ್ಟಿ ಬಂದವು. ಹಾಳೆಯಂಥ ರೊಟ್ಟಿ; ನಾನು ಒಂದನ್ನು ಬೆಳಕಿಗೆ ಹಿಡಿದು ನೋಡಿ, ಹೊಟ್ಟೆಕಿಚ್ಚಿನಿಂದ ತಿಂದೆ. ಓಣಿಯ ಬಾಯಲ್ಲಿ ಉಡುಪಿ ಕಡೆಯ ರಾಯರ ಹೋಟೆಲಿತ್ತು. ಅವರಿಗೆ ಯಾವ ಉಪಾಯವೂ ಬೇಕಾಗಲಿಲ್ಲ. “ಅದಕ್ಕೇನಂತೆ ಅಮ್ಮ, ಅಕ್ಕಿ ನಾಲ್ಕು ಮುಷ್ಟಿ ಜಾಸ್ತಿ ಹಾಕಿದರಾಯ್ತಲ್ಲ ಮಾರಾಯ್ರೇ,” ಅಂದು ಮುಗಿಸಿದರು. ಅಷ್ಟು ಸುಲಭವಾಗಿ ಆದದ್ದಕ್ಕೆ ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಮಹಡಿಯ ಅಜ್ಜಿಯದು ಮೊಸರು. ಎಂಬತ್ತು ದಾಟಿದವರು. ನಾನು ಬಾಯಿ ತೆರೆಯುವ ಮುಂಚೆಯೇ, “ನನಗ ಏನೂ ಹಚ್ಚಿ ಹೇಳಬ್ಯಾಡ,” ಅಂದರು. “ನಳದ ಕಟ್ಟಿ ಮ್ಯಾಲಿಂದು ಎಲ್ಲಾ ನನಗ ಮ್ಯಾಲೆ ಕೇಳಸ್ತದ. ಮಸರು ಒಯ್ಯಿ. ಗಡಿಗಿ ತೊಳದ ಕೊಡು.”

ಮೊದಲ ದಿನ ಶೆಡ್ಡಿನಲ್ಲಿ ಗೋಣಿತಟ್ಟು ಹಾಸಿ ಐದು ಎಲೆ ಹಾಕಿದೆ, ನಮ್ಮವರದೂ ಸೇರಿ. ಮೂವರು ಕೂತರು. ನಾಲ್ಕನೆಯವನು ತನ್ನ ಎಲೆ ಎತ್ತಿಕೊಂಡು ಹೊರಗಿನ ಕಲ್ಲಿನ ಮೆಟ್ಟಿಲ ಮೇಲೆ ಹೋಗಿ ಕೂತ. ಮೇಲೆ ತಗಡಿನ ಅಂಚಿನಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು.

“ಒಳಗ ಬಾರಪಾ,” ಅಂದೆ.

“ಇರ್ಲಿರಿ ಅವ್ವಾರ. ಅಣ್ಣ ಹೇಳ್ಯಾನ ನನಗ, ಹೆಂಗ ಕೂಡಬೇಕಂತ.”

ಅವನು ಸಿಟ್ಟಿನಿಂದ ಹೇಳಲಿಲ್ಲ. ಅಣ್ಣ ಹೇಳಿದ್ದನ್ನು ನೆನಪಿಟ್ಟುಕೊಂಡ ಜಾಣ ಹುಡುಗನ ಹಾಗೆ ಹೇಳಿದ. ನಾನು ಸೌಟು ಕೆಳಗಿಟ್ಟೆ. ಹೋಗಿ ಎಲೆ ನಾನೇ ಎತ್ತಿ ತಂದು ಸಾಲಿನ ಮೊದಲಿಗೆ, ನಮ್ಮವರ ಪಕ್ಕಕ್ಕೆ ಹಾಕಿದೆ. “ನಿಮ್ಮಣ್ಣಗ ನಾ ತಪ್ಪು ಕಲಿಸಿದ್ದೆ,” ಅಂದೆ. “ಬಾ, ರೊಟ್ಟಿ ಮೆತ್ತಗಾಗ್ತಾವ.” ಅವನು ಬಂದು ಕೂತ. ನಮ್ಮವರು ತಲೆ ತಗ್ಗಿಸಿ ಎಲೆಯ ಬದಿಗೆ ಅಗುಳಿನ ಚಿತ್ರಾಹುತಿ ಇಡುವುದರಲ್ಲಿ ಬಹಳ ಹೊತ್ತು ತೆಗೆದುಕೊಂಡರು.

ಸುದ್ದಿ ಓಣಿಗೆ ಮುಟ್ಟದೆ ಇರುತ್ತದೆಯೇ? ಎಂಟು ದಿನಕ್ಕೆ ವಕೀಲರ ಮನೆಯವರು ರೊಟ್ಟಿಯ ಬುಟ್ಟಿ ಕೊಡುತ್ತ ಹಿಡಿ ಬಿಡಲಿಲ್ಲ.

“ಆ ನಾಲ್ಕನೇದಾಂವ ಯಾರ ಪೈಕಿರಿ?”

“ಗೋಲ್‌ಕೀಪರ್ ಪೈಕಿ.”

“ಹಂಗಲ್ಲ. ಯಾರ ಮಂದಿ ಅಂತ ಕೇಳಿದೆ.”

“ನಿಮ್ಮ ರೊಟ್ಟಿ ಆರು ತಿಂತಾನ್ರಿ. ಉಳಿದಾವ್ರು ಮೂರ ತಿಂತಾರ.”

ಅವರು ಬುಟ್ಟಿಯ ಹಿಡಿಯನ್ನೇ ನೋಡುತ್ತ ನಿಂತರು. ಮನೆಯೊಳಗೆ ಬಂದಿಲ್ಲ, ಮಣೆ ಮುಟ್ಟಿಲ್ಲ, ಶೆಡ್ಡು ಕಾಲೇಜಿನದು, ತಪ್ಪು ಹಿಡಿಯಲು ಎಲ್ಲೂ ಜಾಗವಿಲ್ಲ. ಮೇಲಾಗಿ ಆರು. “ಆರಾ?” ಅಂದರು. ಬುಟ್ಟಿ ಬಿಟ್ಟರು. ಮರುದಿನ ರೊಟ್ಟಿ ಹದಿನೆಂಟಾಗಿದ್ದವು. ಮಾಸ್ತರರ ಮನೆಯವರು ಮಾತ್ರ ನನ್ನೊಡನೆ ಆ ವರ್ಷ ಪೂರ್ತಿ ಮಾತಾಡಲಿಲ್ಲ. ಅರಿಶಿನ ಕುಂಕುಮಕ್ಕೂ ಕರೆಯಲಿಲ್ಲ. ಅಂಥ ಸುಖವೂ ಒಮ್ಮೊಮ್ಮೆ ಇರಬೇಕು.

ತೊಂದರೆ ಬಂದದ್ದು ಇನ್ನೊಂದು ಕಡೆಯಿಂದ. ಉಪಾಯ ಅತಿಯಾಗಿ ಫಲಿಸಿತ್ತು. ಕಾಕೂ ಆಮಟಿಯ ಜೊತೆಗೆ ಬದನೆಯ ತುಂಬುಗಾಯಿ ಕಳಿಸಿದರೆಂದು ತಿಳಿದು ವಕೀಲರ ಮನೆಯವರು ಶೇಂಗಾ ಹೋಳಿಗೆ ಕಳಿಸಿದರು. ಅದು ತಿಳಿದು ಕಾಕೂ ಪುರಣಪೋಳಿ. ಅದರ ಮೇಲೆ ಅಜ್ಜಿಯ ಕೆನೆಮೊಸರು. ಮೂರನೆಯ ವಾರ ನಮ್ಮವರು ಸಂಜೆ ಬಂದವರೇ ಗೋಡೆಗೆ ಒರಗಿದರು.

“ಗದಗಿನಾವ್ರಾಗ ಒಬ್ಬಾಂವ ಮಲಕೊಂಡ್ನಲ್ಲ.”

“ಎಲ್ಲಿ?”

“ಮೈದಾನದಾಗ. ಚೆಂಡು ಆಕಡೆ ಹೋತು, ಇಂವ ಗಿಡದ ಬುಡಕ ಕೂತ, ಮಲಕೊಂಡಾ. ಚೆಂಡು ತಿರುಗಿ ಬಂದ್ರೂ ಏಳವಲ್ಲ.”

ಆಮೇಲೆ ಕಟ್ಟಳೆ ಮಾಡಿದೆ. ಊಟ ಬೆಳಿಗ್ಗೆ ಹತ್ತಕ್ಕೆ, ಕಾಲೇಜಿನ ಮುಂಚೆ. ಸಿಹಿ ಭಾನುವಾರ ಮಾತ್ರ. ಪಂದ್ಯದ ದಿನ ಮೊಸರಿಲ್ಲ. ಈ ಕೊನೆಯದನ್ನು ಅಜ್ಜಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಗಡಿಗೆಯನ್ನು ತಂದು ನಾನೇ ಮಜ್ಜಿಗೆ ಕಡೆಯುತ್ತಿದ್ದೆ.

ಶ್ರಾವಣದಲ್ಲಿ ಪಂದ್ಯ. ದಂಡಿನ ಕ್ಯಾಂಪಿನ ಕಡೆಯ ಒಂದು ಕಾಲೇಜು ಎದುರಾಳಿ. ಅವರಲ್ಲಿ ಆರು ಮಂದಿಗೆ ಬೂಟುಗಳಿದ್ದವು. ನಾನು ಹೋಗಲೇಬೇಕು ಎಂದುಕೊಂಡೆ, ಆದರೆ ಒಬ್ಬಳೇ ಹೇಗೆ ಎಂದು ಕಾಕೂವನ್ನು ಕರೆದೆ. ಕಾಕೂ ಬರುತ್ತಾರೆಂದು ವಕೀಲರ ಮನೆಯವರೂ ಹೊರಟರು. ಕೆಳಗಿನ ಗದ್ದಲ ಕೇಳಿ ಅಜ್ಜಿ ಮಹಡಿಯಿಂದ ಟಾಂಗಾ ತರಿಸಲು ಹೇಳಿದರು. ದೇವಸ್ಥಾನಕ್ಕೆ ಬಿಟ್ಟು ಬೇರೆಲ್ಲಿಗೂ ಅವರು ವಾಡೆ ಇಳಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾವು ಮೂವರು ಹೆಂಗಸರು ಸೆರಗು ಹೊದ್ದು ಬೇಲಿಯ ಬಳಿ ನಿಂತಾಗ, ಆಚೆ ಖುರ್ಚಿಯ ಮೇಲೆ ಕೂತಿದ್ದ ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ನಾನು ಮೊದಲು ಎಣಿಸಿದೆ. ಹನ್ನೊಂದು. ಇನ್ನೊಮ್ಮೆ ಎಣಿಸಿದೆ.

ಸುಣ್ಣದ ಗೆರೆ ಮಳೆಗೆ ಕರಗಿ ಹಾಲಿನಂತೆ ಹರಿದಿತ್ತು. ಯಾರು ಎಲ್ಲಿ ಓಡುತ್ತಾರೆಂದು ನನಗೆ ತಿಳಿಯಲಿಲ್ಲ. ಅಜ್ಜಿ ಟಾಂಗಾದಲ್ಲೇ ಕೂತು, “ನಮ್ಮ ಮಸರು ಉಂಡಾವ್ರು ಯಾರ?” ಎಂದು ಕೇಳುತ್ತಲೇ ಇದ್ದರು. ನಾನು ತೋರಿಸುವಷ್ಟರಲ್ಲಿ ಅವರು ಬೇರೆಡೆಗೆ ಹೋಗಿರುತ್ತಿದ್ದರು. ಎದುರಿನವರು ಒಂದು ಗೋಲು ಹಾಕಿದರು. ಆಮೇಲೆ ಧಾರವಾಡದವನು ಮೂರು ಜನರ ನಡುವೆ ಚೆಂಡನ್ನು ಹೇಗೋ ತೆಗೆದುಕೊಂಡು ಹೋಗಿ ಒದ್ದ. ಒಂದಕ್ಕೊಂದು. “ಅದು ಆಮಟಿ!” ಅಂದರು ಕಾಕೂ. ಅರ್ಧ ತಾಸು ಕಳೆದ ಮೇಲೆ ಗದಗಿನವನೊಬ್ಬ ತಲೆಯಿಂದ ಇನ್ನೊಂದು ಹಾಕಿದ. ವಕೀಲರ ಮನೆಯವರು ಕಾಕೂನ ಕಡೆ ನೋಡಿದರು, ಅಷ್ಟೇ.

ಕೊನೆಯ ಕೆಲವು ನಿಮಿಷ ಆಟವೆಲ್ಲ ನಮ್ಮ ಗೋಲಿನ ಮುಂದೆಯೇ ನಡೆಯಿತು. ನಮ್ಮವರು ಗೆರೆಯ ಪಕ್ಕ ನೆನೆಯುತ್ತ ನಿಂತಿದ್ದರು. ಬೂಟಿನವನೊಬ್ಬ ಇಷ್ಟು ಹತ್ತಿರದಿಂದ ಒದ್ದ. ನೇಕಾರರ ಹುಡುಗ ಅಡ್ಡಡ್ಡ ಹಾರಿ ಕೆಸರಿನಲ್ಲಿ ಬಿದ್ದ. ಎದ್ದಾಗ ಕಣ್ಣು ಮೂಗು ಒಂದೂ ಕಾಣುತ್ತಿರಲಿಲ್ಲ, ಚೆಂಡು ಮಾತ್ರ ಎದೆಯ ಮೇಲಿತ್ತು. ಸೀಟಿ ಊದಿದರು. ವಕೀಲರ ಮನೆಯವರು ನನ್ನ ತೋಳು ಹಿಡಿದಲ್ಲಿ ಗುರುತು ಬಿದ್ದಿತ್ತು. “ಆರು ರೊಟ್ಟಿ,” ಅಂದರು. “ನಾಳಿಂದ ಏಳು.”

ಮುಂದಿನ ಸುತ್ತಿನಲ್ಲಿ ಸೋತರು, ಅದು ಬೇರೆ ಮಾತು. ಪ್ರಿನ್ಸಿಪಾಲರು ನಮ್ಮವರನ್ನು ಗೆದ್ದ ಮರುದಿನವೇ ಕರೆಸಿದ್ದರು. ಸಂಜೆ ನಾನು ಮೆಟ್ಟಿಲ ಸಪ್ಪಳ ಕೇಳುತ್ತ ಬಾಗಿಲಲ್ಲಿ ನಿಂತೆ. ಎಲ್ಲೂ ನಿಲ್ಲದೆ ಬಂದರು.

“ಏನಂದ್ರು?”

“ಈ ವರ್ಷ ಇಂಥಾ ಹುಡುಗರು ಹೆಂಗ ಸಿಕ್ರು ಅಂತ ಕೇಳಿದ್ರು.”

“ನೀವೇನಂದ್ರಿ?”

“ಊಟ ಅಂದೆ. ನಕ್ಕು ಬಿಟ್ರು. ಚೇಷ್ಟಿ ಅಂತ ತಿಳಕೊಂಡ್ರು.” ಟೊಪ್ಪಿಗೆ ತೆಗೆದು ಮೊಳೆಗೆ ಸಿಕ್ಕಿಸಿದರು. “ಟೆನ್ನಿಸ್ ಮಾತು ಈ ವರ್ಷ ಬ್ಯಾಡ ಅಂದಾರ. ಮುಂದಿನ ವರ್ಷಾನೂ ನೋಡೂಣು ಅಂದ್ರು.”

“ಅಂದ್ರ ಒಂದ ವರ್ಷ.”

“ಒಂದ ವರ್ಷ.”

ಅಷ್ಟು ಸಾಕಿತ್ತು. ಚಹಾ ಬಿಸಿಯಾಗಿಯೇ ಇತ್ತು, ಕುಡಿದರು. ನಾನು ಮುಂದಿನ ಜೂನಿನ ಚಿಂತೆ ಹಚ್ಚಿಕೊಂಡೆ. ಕಾಕೂನ ಮಗಳಿಗೆ ಎರಡನೆಯ ತಿಂಗಳು, ಹೆರಿಗೆಗೆ ಇಲ್ಲಿಗೇ ಬರುತ್ತಾಳೆ. ಬಾಣಂತನ ಮುಗಿಸಿ ಕಾಕೂ ಒಲೆಯ ಮುಂದೆ ಕೂರುವುದು ಯಾವಾಗಲೋ. ಆಮಟಿಗೆ ಇನ್ನೊಂದು ಮನೆ ನೋಡಿಡಬೇಕು. ಹಿಂದಿನ ಓಣಿಗೆ ಹೊಸದಾಗಿ ಬಂದ ಕೊಲ್ಹಾಪುರದವರ ಅಡಿಗೆ ಬಹಳ ಖಾರವೆಂದು ಕೇಳಿದ್ದೆ. ಅವರಿಗೆ ಏನು ಹೇಳಿದರೆ ನಾಟೀತು ಎಂದು ಯೋಚಿಸುತ್ತ, ಕೊಡ ಎತ್ತಿಕೊಂಡು ನಳದ ಕಟ್ಟೆಗೆ ಇಳಿದೆ.